ತಕ್ಕಡಿಯ ಮುಂದೆ ನಿಂತವರು

ಮೊಮ್ಮಗಳು ಓದಿ ಮೇಜಿನ ಮೇಲಿರಿಸಿದ್ದ ಆಂಗ್ಲ ಕಾದಂಬರಿಯೊಂದನ್ನು ಕುತೂಹಲದಿಂದ ಕೈಗೆತ್ತಿಕೊಂಡೆ. ಕಿಶೋರರಿಗಾಗಿ ಬರೆದ ಕೃತಿಯಾದರೂ ನಾಲ್ಕು ದಶಕ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ನನ್ನಂಥವನನ್ನು ಅದು ಪ್ರಶ್ನಿಸಿತು. ಅಮೆರಿಕದ ಲೇಖಕಿ ಮಿಲ್ಡ್ರೆಡ್ ಡಿ. ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ 1976ರಲ್ಲಿ ಪ್ರಕಟವಾಗಿ, ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ತಂದೆಯಿಂದ ಕೇಳಿದ ಮನೆತನದ ಕಥೆಗಳೇ ಅದಕ್ಕೆ ಪ್ರೇರಣೆ.

ಕಾಲ 1933, ಸ್ಥಳ ಮಿಸಿಸಿಪ್ಪಿ. ಕಪ್ಪು ಜನರಿಗೆ ಅಲ್ಲಿ ಶಾಲೆಯೂ ಬೇರೆ, ಮರ್ಯಾದೆಯೂ ಬೇರೆ. ಆದರೂ ಲೋಗನ್ ಕುಟುಂಬಕ್ಕೆ ಸ್ವಂತದ 400 ಎಕರೆ ಭೂಮಿಯುಂಟು. ಅದನ್ನು ಉಳಿಸಿಕೊಳ್ಳಲು ತಂದೆ ದೂರದ ಲೂಸಿಯಾನದಲ್ಲಿ ರೈಲು ಹಳಿಯ ಕೆಲಸ ಮಾಡುತ್ತಾನೆ, ತಾಯಿ ಶಿಕ್ಷಕಿ. ಕಥೆ ಹೇಳುವವಳು ಒಂಬತ್ತು ವರ್ಷದ ಮಗಳು ಕ್ಯಾಸಿ.

ಸಂತೆಯ ದಿನ ಅವಳು ಅಣ್ಣನೊಡನೆ ಪಟ್ಟಣದ ಅಂಗಡಿಗೆ ಹೋಗುತ್ತಾಳೆ. ಜೊತೆಗಿದ್ದ ಹುಡುಗ ಸಾಮಾನಿನ ಚೀಟಿ ಕೊಡುತ್ತಾನೆ. ಬಿಳಿಯ ಗಿರಾಕಿ ಬಂದಾಗಲೆಲ್ಲ ಆ ಚೀಟಿ ಬದಿಗೆ ಸರಿಯುತ್ತದೆ. ಹೀಗೆ ಸುಮಾರು ಒಂದು ಗಂಟೆ. ಕೊನೆಗೆ ಅವಳ ಪ್ರಾಯದ ಬಿಳಿಯ ಹುಡುಗಿಗೂ ಮೊದಲ ಸರದಿ. ಅಂಗಡಿಕಾರ ಮರೆತಿರಬೇಕೆಂದು ಭಾವಿಸಿ ಕ್ಯಾಸಿ ನೆನಪಿಸುತ್ತಾಳೆ. ಬೈಗುಳ ತಿಂದು ಹೊರಬೀಳುತ್ತಾಳೆ.

ನನ್ನ ಮನಸ್ಸು ಇಲ್ಲಿ ನಿಂತಿತು. ಕಡಿಮೆ ತೂಗುವುದು ಅಚೌರ್ಯಾಣುವ್ರತದ ಅತಿಚಾರವೆಂದು ನಾವು ಬಾಲ್ಯದಿಂದ ಬಲ್ಲೆವು. ಆದರೆ ತಕ್ಕಡಿ ಸಮನಾಗಿದ್ದು, ಅದರ ಮುಂದೆ ನಿಂತ ಮನುಷ್ಯರನ್ನು ಅಸಮವಾಗಿ ತೂಗಿದರೆ? ಅಲ್ಲಿ ಕದ್ದದ್ದು ಕಾಳನ್ನಲ್ಲ, ಒಂದು ಮಗುವಿನ ಗೌರವವನ್ನು. ನನ್ನ ಅಂಗಡಿಯಲ್ಲಿ ಗಾದಿಗೆ ಕರೆದು ಚಹಾ ಕೊಟ್ಟದ್ದು ಯಾರಿಗೆ, ಮೆಟ್ಟಿಲ ಕೆಳಗೆ ಚೀಲ ಹಿಡಿದು ಕಾದವರು ಯಾರು? ಹಮಾಲನೊಬ್ಬನ ಮಗಳು ಚೀಟಿ ಚಾಚಿದಾಗ ‘ತಡಿಯವ್ವ’ ಎಂದದ್ದು ನೆನಪಿದೆ. ಅವಳು ಎಷ್ಟು ಹೊತ್ತು ನಿಂತಳೆಂಬುದು ನೆನಪಿಲ್ಲ. ಖಾತೆಯಲ್ಲಿ ಒಂದು ಪೈಸೆಯ ವ್ಯತ್ಯಾಸಕ್ಕಾಗಿ ರಾತ್ರಿಯೆಲ್ಲ ಹುಡುಕಿದವನಿಗೆ ಆ ವ್ಯತ್ಯಾಸ ಕಾಣಲಿಲ್ಲ.

ಪೂರ್ವಗ್ರಹವೂ ಬಹುಮಟ್ಟಿಗೆ ಮನೆಯಲ್ಲಿ ಕಲಿತ ಪಾಠವೇ. ಆದರೂ ಅದೇ ದಿನ ಬೀದಿಯಲ್ಲಿ ಕ್ಯಾಸಿಯನ್ನು ಅವಮಾನಿಸುವ ಲಿಲಿಯನ್ ಜೀನ್ ಮತ್ತು ಲೋಗನ್ ಮಕ್ಕಳ ಸ್ನೇಹ ಬಯಸುವ ಜೆರೆಮಿ ಒಂದೇ ಬಿಳಿಯ ಮನೆಯ ಮಕ್ಕಳು. ಆದ್ದರಿಂದ ಹುಟ್ಟಿದ ಮನೆಯನ್ನು ನೆಪವಾಗಿ ಹೇಳುವಂತಿಲ್ಲ. ಇತ್ತ ಕ್ಯಾಸಿಯ ತಾಯಿ, ಬಿಳಿಯರ ಶಾಲೆಗಳು ಬಳಸಿ ಬಿಸುಟ ಪಠ್ಯಪುಸ್ತಕಗಳಲ್ಲಿ ಕಪ್ಪು ಮಕ್ಕಳನ್ನು ಹೀನಾಯವಾಗಿ ಹೆಸರಿಸಿದ್ದ ಪುಟದ ಮೇಲೆ ಕಾಗದ ಅಂಟಿಸುತ್ತಾಳೆ. ಮುಂದೆ ಉದ್ಯೋಗವನ್ನೂ ಕಳೆದುಕೊಳ್ಳುತ್ತಾಳೆ. ಮಗಳಿಂದ ಮಾತ್ರ ಸತ್ಯವನ್ನು ಮರೆಮಾಚುವುದಿಲ್ಲ. ಲೋಕ ಹೀಗಿದೆ, ಆದರೆ ನೀನು ಕೀಳಲ್ಲವೆಂದು ತಿಳಿಯಹೇಳುತ್ತಾಳೆ.

ಪುಸ್ತಕ ಹೇಗಿತ್ತೆಂದು ಮೊಮ್ಮಗಳು ಕೇಳಿದಾಗ ನಾನು ಹಮಾಲನ ಮಗಳ ಸಂಗತಿಯನ್ನೇ ಹೇಳಿದೆ. ಹಿರಿಯರು ತಮ್ಮ ಸದ್ಗುಣಗಳಷ್ಟೇ ತಪ್ಪುಗಳನ್ನೂ ಮಕ್ಕಳಿಗೆ ತಿಳಿಸಬೇಕು. ಇಲ್ಲವಾದರೆ ಅಂಗಡಿಯೊಂದಿಗೆ ನಮ್ಮ ಸುಳ್ಳು ತೂಕವೂ ಅವರಿಗೆ ಪಿತ್ರಾರ್ಜಿತವಾಗಿ ಸಂದೀತು.