ಟೂ ಬಿಡುವ ವಯಸ್ಸು ದಾಟಿದವರು

ಒಂದನೇ ಕ್ಲಾಸಿನ ಮಕ್ಕಳಿಗೆ ಜಗಳ ಆಡುವುದೂ ಗೊತ್ತು, ಮುಗಿಸುವುದೂ ಗೊತ್ತು. ಕಿರುಬೆರಳು ಮುಂದೆ ಮಾಡಿ ‘ಟೂ’ ಅಂದರೆ ಸಂಗ ಕಡಿಯಿತು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಬೆರಳು ತಾಗಿಸಿದರೆ ರಾಜಿ ಆಯಿತು. ಊರಿಂದ ಊರಿಗೆ ಬೆರಳು ಬದಲಾಗಬಹುದು, ಕಟ್ಟಳೆ ಒಂದೇ. ತಪ್ಪು ಯಾರದೆಂದು ಯಾರೂ ಕೇಳುವಂತಿಲ್ಲ. ರಾಜಿಯಾದ ಮೇಲೆ ಹಳೆಯದನ್ನು ಎತ್ತುವಂತಿಲ್ಲ. ಸಾಕ್ಷಿಗೆ ಇಡೀ ಕ್ಲಾಸೇ ಇರುತ್ತದೆ. ಶಾಲೆಯಲ್ಲಿ ಪಾಠ ಮಾಡಿದ ವರ್ಷಗಳಲ್ಲೆಲ್ಲ ನನಗಿದು ಮಂತ್ರದ ಹಾಗೆಯೇ ಕಂಡಿದೆ. ಬೆರಳು ತಾಗಿದ ಗಳಿಗೆಯಲ್ಲಿ ಕೋಪ ನಿಜಕ್ಕೂ ಇಳಿದುಹೋಗುತ್ತದೆ.

ನವಿಲುಗರಿಯೂ ಅದೇ ಲೋಕದ್ದು. ಪುಸ್ತಕದ ನಡುವೆ ಗರಿ ಇಟ್ಟು, ಪೆನ್ಸಿಲ್ ಹೆರೆದ ಹೊಟ್ಟನ್ನು ಊಟಕ್ಕೆ ಹಾಕಿ, ಅದು ಮರಿ ಹಾಕಲೆಂದು ಕಾದವರು ನಮ್ಮಲ್ಲಿ ಎಷ್ಟು ಮಂದಿ! ಮಳೆಗಾಲ ಮುಗಿಯುತ್ತ ಬಂದಾಗ ಗಂಡು ನವಿಲು ಉದ್ದನೆಯ ಗರಿಗಳನ್ನು ತಾನಾಗಿ ಉದುರಿಸುತ್ತದೆ. ಹೊಲದ ಬದುವಿನಲ್ಲಿ ಸಿಕ್ಕ ಗರಿ ಮರುದಿನವೇ ಶಾಲೆಗೆ ಬರುತ್ತದೆ. ಎಲ್ಲರಿಗೂ ತೋರಿಸಿದರೆ ಮರಿ ಹಾಕುವುದಿಲ್ಲವಂತೆ, ಒಬ್ಬಳಿಗೆ ಮಾತ್ರ ತೋರಿಸಬೇಕು. ಆ ಒಬ್ಬಳು ಯಾರು ಎನ್ನುವುದರಲ್ಲೇ ಆ ವರ್ಷದ ಗೆಳೆತನದ ಲೆಕ್ಕವೆಲ್ಲ ಇರುತ್ತದೆ. ಗೆಳತಿ ಗುಟ್ಟಾಗಿ ತನ್ನ ಗರಿಯ ಒಂದೆಳೆ ಕಿತ್ತು ಇವಳ ಪುಸ್ತಕದಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ಅಲ್ಲಿ ಮರಿ ಹುಟ್ಟಿರುತ್ತದೆ.

ಆರು, ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಇವೆರಡೂ ಹೋಗಿಬಿಡುತ್ತವೆ. ಬೆರಳು ತೋರಿಸಿದರೆ ‘ಇನ್ನೂ ಪಾಪು’ ಎಂದು ಉಳಿದವರು ನಗುತ್ತಾರೆ. ಗರಿ ಮರಿ ಹಾಕುವುದಿಲ್ಲ ಎನ್ನುವುದು ಯಾರೂ ಹೇಳದೆಯೇ ತಿಳಿದುಹೋಗಿರುತ್ತದೆ. ಹಳೆಯ ಮಂತ್ರ ಹೋಯಿತು. ‘ನನ್ನಿಂದ ತಪ್ಪಾಯಿತು’, ‘ನೀನು ಹಾಗೆ ಮಾಡಿದ್ದಕ್ಕೆ ಬೇಜಾರಾಯಿತು’ ಎಂದು ಹೇಳುವ ದೊಡ್ಡವರ ಮಾತು ಇನ್ನೂ ನಾಲಿಗೆಗೆ ಬಂದಿಲ್ಲ. 11ರಿಂದ 13ರ ಮಕ್ಕಳು ಇರುವುದು ಈ ನಡುವಿನಲ್ಲಿ. ಹಾಗಾಗಿಯೇ ಅವರ ಜಗಳಕ್ಕೆ ಸದ್ದಿಲ್ಲ.

ಕಣ್ಣಿದ್ದವರಿಗೆ ಅದು ಬಿಸಿಯೂಟದ ಸಾಲಿನಲ್ಲಿ ಕಾಣುತ್ತದೆ. ಜೂನ್ ತಿಂಗಳಿಂದ ಪಕ್ಕಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತಿದ್ದ ಇಬ್ಬರ ನಡುವೆ ಒಂದು ದಿನ ಮೂರನೆಯವಳು ಬಂದು ಕೂರುತ್ತಾಳೆ. ಮರುದಿನ ಒಬ್ಬಳು ಸಾಲಿನ ಕೊನೆಗೆ ಹೋಗಿರುತ್ತಾಳೆ. ಮನೆಯಿಂದ ತಂದ ಚಿಕ್ಕಿಯನ್ನು ಅರ್ಧ ಮುರಿದು ಗೆಳತಿಗೆಂದು ಜೇಬಿನಲ್ಲಿಟ್ಟವಳು ಸಂಜೆ ಗಂಟೆ ಹೊಡೆದರೂ ಅದನ್ನು ಕೊಟ್ಟಿರುವುದಿಲ್ಲ. ಬೆಂಚಿನ ಮೇಲೆ ಚೀಲ ಇಟ್ಟು ‘ಇಲ್ಲಿ ಜಾಗ ಇಲ್ಲ’ ಎನ್ನುತ್ತಾರೆ. ಇವಳು ಹತ್ತಿರ ಬಂದ ಕೂಡಲೇ ಮಾತು ನಿಲ್ಲುತ್ತದೆ. ಹುಡುಗರಲ್ಲಾದರೆ ಕ್ರಿಕೆಟ್ ಟೀಮು ಆರಿಸುವಾಗ ಕೊನೆಯವರೆಗೂ ಹೆಸರು ಬರುವುದಿಲ್ಲ. ಮನೆಯಲ್ಲಿ ಮೊಬೈಲು ಕೈಗೆ ಸಿಗುವವರು ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನು ಬಿಟ್ಟು ಇನ್ನೊಂದು ಗುಂಪು ಮಾಡಿಕೊಂಡಿರುತ್ತಾರೆ. ಧೈರ್ಯ ಮಾಡಿ ಮನೆಯಲ್ಲಿ ಹೇಳಿದರೆ ಅಮ್ಮ, ‘ಇಷ್ಟಕ್ಕೆಲ್ಲ ಅಳ್ತಾರೇನೇ? ನಾಳೆ ಸರಿಹೋಗುತ್ತೆ, ಹೋಗು ಓದ್ಕೋ’ ಅನ್ನುತ್ತಾಳೆ. ಪ್ರೀತಿಯಿಂದಲೇ ಹೇಳಿದ್ದು, ನಿಜ. ಆದರೆ ನಾಳೆಗೆ ಸರಿಹೋಗುವುದು ಒಂದನೇ ಕ್ಲಾಸಿನ ಜಗಳ.

ಇದು ಸಣ್ಣ ನೋವೆಂದು ತಿಳಿಯಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನವೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಮೂವರು ಚೆಂಡು ಎಸೆದಾಡುವ ಆಟ ಅದು. ಸ್ವಲ್ಪ ಹೊತ್ತಿಗೆ ಇಬ್ಬರು ತಮ್ಮತಮ್ಮಲ್ಲೇ ಎಸೆದುಕೊಳ್ಳತೊಡಗುತ್ತಾರೆ, ಮೂರನೆಯವರಿಗೆ ಚೆಂಡೇ ಬರುವುದಿಲ್ಲ. ಮೈಗೆ ನೋವಾದಾಗಿನ ಸಂಕಟದಲ್ಲಿ ಕೆಲಸ ಮಾಡುವ ಮಿದುಳಿನ ಭಾಗವೇ ಆಗಲೂ ಚುರುಕಾದದ್ದು ಕಂಡುಬಂತು. ಅಲ್ಲಿ ಆಡಿದವರು ಕಾಲೇಜು ವಿದ್ಯಾರ್ಥಿಗಳು, ಎದುರಿಗಿದ್ದ ಇಬ್ಬರನ್ನು ಆಡಿಸುತ್ತಿದ್ದದ್ದು ಕಂಪ್ಯೂಟರೇ. ಇಲ್ಲಿ ಚೆಂಡು ಎಸೆಯದಿರುವವಳು ಒಂದೇ ಬೆಂಚಿನಲ್ಲಿ ಕೂತು, ಒಂದೇ ದಾರಿಯಲ್ಲಿ ಮನೆಗೆ ನಡೆದ ಗೆಳತಿ.

ಮಾಂತ್ರಿಕರ ಶಾಲೆಯ ಕತೆ ಬರೆದ ಜೆ. ಕೆ. ರೌಲಿಂಗ್ ಇದನ್ನು ಚೆನ್ನಾಗಿ ಬಲ್ಲವರು. 2000ದಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ನಾಲ್ಕನೇ ಪುಸ್ತಕದಲ್ಲಿ ಹ್ಯಾರಿ ಮತ್ತು ಅವನ ಗೆಳೆಯ ರಾನ್ ವಾರಗಟ್ಟಲೆ ಮಾತು ಬಿಡುತ್ತಾರೆ. ಒಬ್ಬನಿಗೆ ಹೊಟ್ಟೆಕಿಚ್ಚು, ಇನ್ನೊಬ್ಬನಿಗೆ ಹಟ. ಅಷ್ಟೆಲ್ಲ ಮಂತ್ರ ಕಲಿತ ಗೆಳತಿ ಹರ್ಮಾಯಿನಿಗೂ ಅವರನ್ನು ಒಂದು ಮಾಡುವ ಮಂತ್ರ ಸಿಗುವುದಿಲ್ಲ. ಡ್ರ್ಯಾಗನ್ ಎದುರಿನಿಂದ ಹ್ಯಾರಿ ಜೀವಂತ ಬಂದ ಮೇಲೆ ರಾನ್ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುತ್ತಾನೆ, ಹ್ಯಾರಿ ಅವನಿಂದ ಆ ಮಾತು ಆಡಿಸುವುದೇ ಇಲ್ಲ. ಒಂದನೇ ಕ್ಲಾಸಿನವರ ಬೆರಳು ಮಾಡುತ್ತಿದ್ದ ಕೆಲಸವೂ ಇದೇ. ಇಬ್ಬರ ಮಾನವೂ ಉಳಿಯುತ್ತದೆ, ಸಂಗವೂ ಕೂಡುತ್ತದೆ.

ದೊಡ್ಡವರು ಮಾಡುವುದು ಇದಕ್ಕೆ ಪೂರ್ತಿ ತಿರುಗಾಮುರುಗ. ಇಬ್ಬರನ್ನೂ ಎಲ್ಲರೆದುರು ನಿಲ್ಲಿಸಿ ‘ಸಾರಿ ಹೇಳು, ಕೈ ಕೊಡು’ ಅನ್ನುತ್ತಾರೆ. ಮಕ್ಕಳು ಕೈ ಕೊಡುತ್ತಾರೆ, ಮರುಕ್ಷಣ ಇನ್ನಷ್ಟು ದೂರ ಹೋಗುತ್ತಾರೆ. ಅದರ ಬದಲು ಸೇರಲು ಒಂದು ನೆಪ ಒದಗಿಸಬೇಕು. ಆಫೀಸ್ ರೂಮಿನಿಂದ ಭಾರತದ ನಕ್ಷೆ ತರಲು ಇಬ್ಬರನ್ನೇ ಕಳಿಸಿ. ಗ್ರಂಥಾಲಯದ ಒಂದೇ ಬೀರುವಿನ ಪುಸ್ತಕ ಜೋಡಿಸಲು ಹಚ್ಚಿ. ಪ್ರತಿಭಾ ಕಾರಂಜಿಯ ತಾಲೀಮಿಗೆ ಒಂದೇ ಗುಂಪಿಗೆ ಹಾಕಿ. ತಪ್ಪು ಯಾರದೆಂದು ಕೇಳಬೇಡಿ. ಇಡೀ ಗುಂಪೇ ಸೇರಿ ಒಂದು ಮಗುವನ್ನು ಕಾಡುತ್ತಿದ್ದರೆ ಮಾತ್ರ ಈ ಉಪಾಯ ಸಾಲದು. ಆಗ ದೊಡ್ಡವರು ನೇರವಾಗಿ ನಡುವೆ ಬಂದು ಆ ಮಗುವಿನ ಪಕ್ಕ ನಿಲ್ಲಲೇಬೇಕು.

ನಮ್ಮ ಹೆಚ್ಚಿನ ಊರುಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಒಬ್ಬಳು ಹತ್ತಿರದ ಹೈಸ್ಕೂಲಿಗೆ, ಇನ್ನೊಬ್ಬಳು ಹಾಸ್ಟೆಲಿಗೆ. ಈಗ ಮಾತು ಬಿಟ್ಟ ಏಳನೇ ಕ್ಲಾಸಿನವರಿಗೆ ವರ್ಷದ ಕೊನೆಯ ಪರೀಕ್ಷೆ ಮುಗಿಯುವವರೆಗೆ ಮಾತ್ರ ಸಮಯವಿದೆ. ಟೀಚರುಗಳೇ, ಅಷ್ಟರೊಳಗೆ ಆ ನಕ್ಷೆ ತರಲು ಅವರಿಬ್ಬರನ್ನು ಒಮ್ಮೆ ಕಳಿಸಿ.