ಮಂಪರು ಮತ್ತು ಪ್ರಮಾದ

ಜೈನ ದರ್ಶನವು ಹಿಂಸೆಯನ್ನು ವಿಚಾರಿಸುವಾಗ ಪ್ರಾಣಹಾನಿಯೊಂದನ್ನೇ ನೋಡದೆ ಅದರ ಹಿಂದಿನ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ನೋಡುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವೇ ಪ್ರಮಾದದ ಮೇಲೆ ನಿಂತಿದೆ. ಪ್ರಮಾದವನ್ನು ಹದಿನೈದು ಬಗೆಯಾಗಿ ಎಣಿಸುವ ಪರಂಪರೆಯು ನಾಲ್ಕು ವಿಕಥೆ (ಹುರುಳಿಲ್ಲದ ಹರಟೆ), ನಾಲ್ಕು ಕಷಾಯ (ಕ್ರೋಧಾದಿ ವಿಕಾರಗಳು) ಮತ್ತು ಐದು ಇಂದ್ರಿಯಗಳ ಸಾಲಿಗೆ ಸ್ನೇಹವನ್ನೂ ನಿದ್ರೆಯನ್ನೂ ಸೇರಿಸುತ್ತದೆ. ನಿದ್ರೆಗೆ ಅಲ್ಲಿ ಸ್ಥಾನವಿರುವುದರಿಂದಲೇ, ಖಿನ್ನತೆಗೆಂದು ವೈದ್ಯರು ಕೊಟ್ಟ ಮಾತ್ರೆಯಿಂದ ಬರುವ ಮಂಪರನ್ನೂ ಪ್ರಮಾದವೆನ್ನಬೇಕೇ ಎಂಬ ಪ್ರಶ್ನೆ ಏಳುತ್ತದೆ.

ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯಿರುವ ಹೊಂಬುಜ ಮತ್ತು ಅದಕ್ಕೆ ಸಮೀಪದ ರಿಪ್ಪನ್‌ಪೇಟೆಯ ಸುತ್ತಿನಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಗೆ ಜಾರುವ ಅಡಿಕೆ ಮರವನ್ನೇರುವವನ ಬದುಕೂ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವಳ ಬದುಕೂ ಕಣ್ಣು ಕಂಡದ್ದನ್ನು ಕೈಕಾಲು ತಕ್ಷಣ ಪಾಲಿಸುವುದರ ಮೇಲೆ ನಿಂತಿವೆ. ಮನಸ್ಸಿನ ಗ್ರಹಿಕೆಯೂ ದೇಹದ ಚಲನೆಯೂ ಹೀಗೆ ಕೂಡಿ ನಡೆಯುವ ಈ ಸಾಮರ್ಥ್ಯವನ್ನು ವೈದ್ಯಶಾಸ್ತ್ರವು ಮನೋಚಾಲಕ ಸಾಮರ್ಥ್ಯವೆನ್ನುತ್ತದೆ. ಜೈನ ಮುನಿಗಳಿಗೆ ಹೇಳಿರುವ ಐದು ಸಮಿತಿಗಳಲ್ಲಿ ನೆಲ ನೋಡಿ ನಡೆಯುವ ಈರ್ಯಾಸಮಿತಿಯೂ ವಸ್ತುವನ್ನು ಜೋಪಾನವಾಗಿ ಎತ್ತಿಡುವ ಆದಾನನಿಕ್ಷೇಪಣ ಸಮಿತಿಯೂ ಇದೇ ಸಾಮರ್ಥ್ಯವನ್ನು ಧರ್ಮವಾಗಿ ಕಂಡಿವೆ.

ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ 1957ರಲ್ಲಿ ಇಮಿಪ್ರಮಿನ್ ಖಿನ್ನತೆಗೆ ಗುಣಕಾರಿಯೆಂದು ತಿಳಿಸಿದ ಮೇಲೆ ಬಳಕೆಗೆ ಬಂದ ಟ್ರೈಸೈಕ್ಲಿಕ್ ಗುಂಪಿನ ಔಷಧಗಳು ನೊರೆಪಿನೆಫ್ರಿನ್, ಸೆರೊಟೋನಿನ್ ಎಂಬ ನರವಾಹಕಗಳ ಮೇಲಷ್ಟೇ ಕೆಲಸ ಮಾಡುವುದಿಲ್ಲ. ಅದೇ ಗುಂಪಿನ ಅಮಿಟ್ರಿಪ್ಟಿಲಿನ್ ಎಚ್ಚರವನ್ನು ಕಾಯುವ ಹಿಸ್ಟಮಿನ್‌ನ ಗ್ರಾಹಕಗಳನ್ನು ತಡೆಯುವುದರಿಂದ ತೂಕಡಿಕೆ ಬರುತ್ತದೆ, ಅಸಿಟೈಲ್‌ಕೋಲಿನ್‌ನ ಗ್ರಾಹಕಗಳನ್ನು ತಡೆಯುವುದರಿಂದ ಬಾಯಿ ಒಣಗಿ, ಮಲಬದ್ಧತೆಯಾಗಿ, ದೃಷ್ಟಿ ಮಬ್ಬಾಗುತ್ತದೆ, ರಕ್ತನಾಳಗಳ ಬಿಗಿತ ಸಡಿಲುವುದರಿಂದ ಎದ್ದು ನಿಂತೊಡನೆ ರಕ್ತದೊತ್ತಡ ಕುಸಿದು ವಯಸ್ಸಾದವರು ಬೀಳಬಹುದು. ರಾತ್ರಿ ನುಂಗಿದ ಮಾತ್ರೆಯ ಜಡತೆ ಮರುದಿನದ ಬೆಳಿಗ್ಗೆಗೂ ಉಳಿಯುವುದುಂಟು, ಮದ್ಯ ಸೇರಿದರೆ ಅದು ಇಮ್ಮಡಿಸುತ್ತದೆ. ಅಮೆರಿಕದಲ್ಲಿ 1987ರಲ್ಲಿ ಅನುಮತಿ ಪಡೆದ ಫ್ಲುವಾಕ್ಸೆಟಿನ್‌ನಂಥ ಖಿನ್ನತೆಯ ಔಷಧಗಳು ಚಲನೆಯನ್ನು ಅಷ್ಟಾಗಿ ಕುಂದಿಸವು. ಅವುಗಳ ತೊಡಕು ವಾಕರಿಕೆ, ನಿದ್ರೆಗೇಡು, ಚಡಪಡಿಕೆ, ಕಾಮಾಸಕ್ತಿ ತಗ್ಗುವುದು ಮುಂತಾದ ಬೇರೆ ಬಗೆಯದು.

ಇಲ್ಲಿ ಕಾಲಕ್ರಮವೇ ಕ್ರೂರವಾದದ್ದು. ಮಂಪರು ಮೊದಲ ದಿನವೇ ಬರುತ್ತದೆ, ಖಿನ್ನತೆ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು. ಆ ಹೊತ್ತಿಗೆ ಮಂಪರು ಬಹುಮಟ್ಟಿಗೆ ತಗ್ಗುವುದಾದರೂ ಅಲ್ಲಿಯವರೆಗೆ ಕಾಯುವ ತಾಳ್ಮೆಯನ್ನು ರೋಗವೇ ಕಿತ್ತುಕೊಂಡಿರುತ್ತದೆ. ಎಚ್ಚರವಾಗಿರಬೇಕೆಂದು ಮಾತ್ರೆಯನ್ನು ಥಟ್ಟನೆ ಬಿಡುವುದೂ ಪರಿಹಾರವಲ್ಲ, ಏಕೆಂದರೆ ತಲೆಸುತ್ತು, ಕಳವಳಗಳ ಜೊತೆಗೆ ರೋಗವೂ ಮರುಕಳಿಸಬಹುದು, ಮತ್ತು ಮಾತನ್ನೂ ನಡಿಗೆಯನ್ನೂ ನಿಧಾನಗೊಳಿಸುವುದು ಖಿನ್ನತೆಯದೇ ಒಂದು ಲಕ್ಷಣ. ಮದ್ದಿಲ್ಲದ ದೇಹವು ಚುರುಕಾದ ದೇಹವೆಂದು ತಿಳಿಯುವುದು ತಪ್ಪು.

ಹಾಗಾದರೆ ಮಂಪರು ಪ್ರಮಾದವಲ್ಲ. ಪ್ರಮಾದವು ಬಲ್ಲವನು ಎಚ್ಚರ ತಪ್ಪುವಲ್ಲಿ ಮೊದಲಾಗುತ್ತದೆ, ರೋಗಿಗೆ ತಿಳಿಸದೆ ಕೊಟ್ಟ ಮಾತ್ರೆಯಲ್ಲಿ ಬಲ್ಲವನೆಂದರೆ ಕೊಟ್ಟವನೇ. ತಿಳಿದ ಮೇಲೆ ಹೊಣೆ ರೋಗಿಗೂ ಬರುತ್ತದೆ: ಮೊದಲ ವಾರಗಳಲ್ಲಿ ಮರ ಹತ್ತದಿರುವುದು, ಬೈಕ್ ಓಡಿಸದಿರುವುದು, ರಾತ್ರಿ ಬಚ್ಚಲಿಗೆ ಏಳುವ ಮುನ್ನ ಮಂಚದಂಚಿನಲ್ಲಿ ತುಸು ಕೂರುವುದು ಅವನ ಪಾಲಿನ ಈರ್ಯಾಸಮಿತಿ. ಅವನ ನಿಧಾನವನ್ನು ಸೋಮಾರಿತನವೆಂದು ಹಂಗಿಸುವ ಮನೆಯವರು ಭಾಷಾಸಮಿತಿಯಲ್ಲಿ, ಅಂದರೆ ನೋಯಿಸದೆ ನುಡಿಯುವ ಎಚ್ಚರದಲ್ಲಿ, ತಪ್ಪುತ್ತಾರೆ.

ಈ ವಿಚಾರದ ಕಠಿಣ ಭಾಗವಿರುವುದು ದಿನಗೂಲಿಯವನ ವಿಷಯದಲ್ಲಿ. ಕೊಯ್ಲಿನ ದಿನಗಳಲ್ಲಿ ಎರಡು ವಾರ ಕೆಳಗೆ ಕೂತರೆ ಅವನ ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ, ಆದ್ದರಿಂದ ತಿಳಿದೂ ಅವನು ಮರವೇರುತ್ತಾನೆ. ಆಗ ಎಚ್ಚರ ತಪ್ಪಿದವನೆಂದು ಅವನನ್ನು ಕರೆಯುವ ಮೊದಲು, ಅವನು ಮಾತ್ರೆ ತೆಗೆದುಕೊಳ್ಳುತ್ತಿರುವುದು ಗೊತ್ತಿದ್ದೂ ಮರದ ಕೆಳಗೆ ನಿಂತು ಅಡಿಕೆ ಗೊನೆ ಎಣಿಸುವ ತೋಟದೊಡೆಯನು ಅವನಿಗೆ ಆ ದಿನಗಳಲ್ಲಿ ಅಂಗಳದ ಕೆಲಸವನ್ನು ಅದೇ ಕೂಲಿಗೆ ಕೊಟ್ಟಿದ್ದನೇ ಎಂದು ಕೇಳಬೇಕಾಗುತ್ತದೆ.