ಆರಿಸುವುದು, ವರಿಸುವುದು

ಅಕ್ಕಿಯನ್ನು ಆರಿಸುತ್ತೇವೆ; ಗಂಡನನ್ನೋ ಹೆಂಡತಿಯನ್ನೋ ವರಿಸುತ್ತೇವೆ. ನಿಘಂಟಿನವರನ್ನು ಕೇಳಿದರೆ ಎರಡು ಮಾತಿಗೂ ಅರ್ಥ ಹೆಚ್ಚುಕಡಮೆ ಒಂದೇ ಎಂದಾರು. ಸಂಸ್ಕೃತದ ಆ ಧಾತುವಿಗೂ ಆಯ್ದುಕೊಳ್ಳುವುದೆಂದೇ ಅರ್ಥ. ಆದರೆ ಬಳಕೆಯಲ್ಲಿ ಇವೆರಡರ ನಡುವೆ ಒಂದು ಅಂತರ ಬೆಳೆದುಕೊಂಡಿದೆ. ಆರಿಸುವವರ ಮುಂದೆ ಮೊರವಿರುತ್ತದೆ. ಮೊರದಲ್ಲಿ ಕಲ್ಲು, ನೆಲ್ಲು, ನುಚ್ಚು ಎಲ್ಲವೂ ಇರುತ್ತವೆ. ಇಂದು ಆರಿಸಿದ್ದು ಮುಗಿದರೆ ನಾಳೆ ಮತ್ತೆ ಆರಿಸಬೇಕು. ವರಿಸಿದವರು ಮೊರವನ್ನು ಗೋಡೆಗೆ ತೂಗುಹಾಕಿದವರು.

ಸ್ವಯಂವರದಲ್ಲಿಯೂ ಸ್ಪರ್ಧೆಯಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇತ್ತು, ನಿಜ. ಜನಕನ ಮನೆಯಲ್ಲಿ ಬಿಲ್ಲಿತ್ತು, ದ್ರುಪದನ ಮನೆಯಲ್ಲಿ ಮತ್ಸ್ಯಯಂತ್ರವಿತ್ತು. ಆದರೆ ಆ ಸ್ಪರ್ಧೆ ಒಂದು ದಿನದ್ದು. ಬಿಲ್ಲು ಮುರಿದ ಮೇಲೆ ಜನಕನು ಪ್ರತಿ ವರ್ಷವೂ ಹೊಸದೊಂದು ಬಿಲ್ಲನ್ನು ಹೊರಗೆ ತರಿಸಿ, ರಾಮನಿಗಿಂತ ಚೆನ್ನಾಗಿ ಎತ್ತಬಲ್ಲವನು ಈಗ ಯಾರಾದರೂ ಬಂದಿದ್ದಾನೆಯೆ ಎಂದು ಡಂಗುರ ಹೊಡೆಯಿಸಲಿಲ್ಲ.

ಪ್ರತಿ ವರ್ಷವೂ, ಕೆಲವೊಮ್ಮೆ ಪ್ರತಿ ಭಾನುವಾರವೂ, ಹಾಗೆ ಡಂಗುರ ಹೊಡೆಯುವ ಒಂದು ಲೋಕವಿದೆ. ಅದು ಅಮೆರಿಕದ ಚೆಂಡಾಟದ ಲೋಕ. ನಾವು ಫುಟ್‌ಬಾಲ್ ಎನ್ನುವ ಆಟ ಅದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು, ಎಸೆದು ಆಡುವ ಆಟಕ್ಕೆ ಆ ಜನ ಫುಟ್‌ಬಾಲ್ ಎಂದು ಹೆಸರಿಟ್ಟಿರುವುದು ಅವರಿಗೇ ತಿಳಿದ ನ್ಯಾಯ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇದರ ಹುಚ್ಚು ಹಿಡಿದು, ಅವನ ಮಾತಿನಿಂದ ನನಗೂ ಇದರ ಒಂದಷ್ಟು ಚರಿತ್ರೆ ಗೊತ್ತಾಯಿತು. ಒಂದು ಪಕ್ಷದಲ್ಲಿ ಹನ್ನೊಂದು ಜನ ಕಣಕ್ಕಿಳಿಯುತ್ತಾರೆ. ಅವರಲ್ಲಿ ಒಬ್ಬನು ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಬರುವುದು ಅವನ ಕೈಗೆ. ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ಅಥವಾ ತಾನೇ ಹೊತ್ತು ಓಡಬೇಕೆ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ಗೊತ್ತುಮಾಡಬೇಕಾದವನೂ ಅವನೇ. ಕ್ರಿಕೆಟ್ಟಿನಲ್ಲಿ ಇಬ್ಬರು ಒಳ್ಳೆಯ ದಾಂಡಿಗರಿದ್ದರೆ ಇಬ್ಬರಿಗೂ ಎಡೆಯುಂಟು. ಇಲ್ಲಿ ಇಬ್ಬರು ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳಿದ್ದರೆ ಒಬ್ಬನು ಆಡುತ್ತಾನೆ, ಇನ್ನೊಬ್ಬನು ಬೆಂಚಿನ ಮೇಲೆ ಕುಳಿತು ನೋಡುತ್ತಾನೆ.

ಸ್ಯಾನ್ ಫ್ರಾನ್ಸಿಸ್ಕೊ ನಗರದ ಫಾರ್ಟಿನೈನರ್ಸ್ ತಂಡದಲ್ಲಿ ಇಂಥ ಇಬ್ಬರು ಒಟ್ಟಿಗಿದ್ದರು. ಜೋ ಮೊಂಟಾನ ೧೯೭೯ರಲ್ಲಿ ಆ ತಂಡಕ್ಕೆ ಬಂದವನು. ೧೯೮೨ರಲ್ಲಿಯೂ ೧೯೮೫ರಲ್ಲಿಯೂ ಅದಕ್ಕೆ ರಾಷ್ಟ್ರದ ಪಟ್ಟವನ್ನು ಗೆದ್ದುಕೊಟ್ಟವನು. ೧೯೮೬ರಲ್ಲಿ ಅವನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ತರಬೇತುದಾರ ಬಿಲ್ ವಾಲ್ಷ್ ಮರುವರ್ಷವೇ ಟ್ಯಾಂಪಾ ಬೇ ತಂಡದಿಂದ ಸ್ಟೀವ್ ಯಂಗ್ ಎಂಬ ಇನ್ನೊಬ್ಬನನ್ನು ಕೊಂಡು ತಂದ. ಅಲ್ಲಿಂದ ಮುಂದೆ ಆ ಊರು ಎರಡು ಪಕ್ಷವಾಯಿತು. ೧೯೮೮ರ ಜನವರಿಯಲ್ಲಿ ಮಿನೆಸೋಟದ ತಂಡದೊಡನೆ ನಡೆದ ನಿರ್ಣಾಯಕ ಪಂದ್ಯದಲ್ಲಿ ವಾಲ್ಷ್ ಆಟದ ನಡುವೆಯೇ ಮೊಂಟಾನನನ್ನು ಹೊರಗೆ ಕರೆದು ಯಂಗನನ್ನು ಕಳುಹಿಸಿದ. ಆ ಪಂದ್ಯವೂ ಹೋಯಿತು. ಮುಂದಿನ ಋತುವಿನಲ್ಲಿ ಒಮ್ಮೆ ಇವನು, ಒಮ್ಮೆ ಅವನು. ಕೊನೆಗೆ ೧೯೮೯ರ ಜನವರಿಯಲ್ಲಿ ಮೊಂಟಾನ ಸಿನ್‌ಸಿನಾಟಿಯ ವಿರುದ್ಧ ಇನ್ನು ೩೪ ಸೆಕೆಂಡು ಉಳಿದಿರುವಾಗ ಗೆಲುವಿನ ಎಸೆತವನ್ನು ಎಸೆದು, ಎಲ್ಲರ ಬಾಯನ್ನೂ ಮುಚ್ಚಿಸಿದ. ಮರುವರ್ಷ ಡೆನ್‌ವರಿನವರನ್ನು ೫೫-೧೦ರಿಂದ ಸೋಲಿಸಿ ನಾಲ್ಕನೆಯ ಪಟ್ಟವನ್ನೂ ತಂದ. ಯಂಗ್ ಬೆಂಚಿನ ಮೇಲಿದ್ದ. ನಾಲ್ಕು ಋತುಗಳ ಕಾಲ, ಬೇರೆ ಯಾವ ತಂಡದಲ್ಲಾದರೂ ಮೊದಲಿಗನಾಗಿ ಆಡಬಹುದಾಗಿದ್ದ ಮನುಷ್ಯ, ಅಲ್ಲಿ ಕುಳಿತಿದ್ದ.

೧೯೯೧ರ ಜನವರಿಯಲ್ಲಿ ಮೊಂಟಾನನಿಗೆ ಬಲವಾದ ಪೆಟ್ಟು ಬಿತ್ತು. ಆ ಮುಂದಿನ ಋತುವಿಡೀ ಅವನು ಆಡಲಿಲ್ಲ. ಯಂಗ್ ಕಣಕ್ಕೆ ಬಂದ. ೧೯೯೨ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ೧೯೯೩ರ ಏಪ್ರಿಲಿನಲ್ಲಿ ಮೊಂಟಾನನನ್ನು ಕಾನ್ಸಾಸ್ ಸಿಟಿಗೆ ಕಳುಹಿಸಿಕೊಟ್ಟದ್ದೂ ಆಯಿತು. ಹೋಲಿಕೆ ಅಲ್ಲಿಗೆ ನಿಂತೀತೆ? ಎರಡು ವರ್ಷ ಮೇಲಿಂದ ಮೇಲೆ ಡಲ್ಲಾಸಿನ ತಂಡದ ಕೈಯಲ್ಲಿ ಸೋತಾಗ, ಮೊಂಟಾನ ಇದ್ದಿದ್ದರೆ ಎಂಬ ಮಾತು ಇದ್ದೇ ಇತ್ತು. ೧೯೯೪ರ ಸೆಪ್ಟೆಂಬರಿನಲ್ಲಿ ಆ ಮೊಂಟಾನನೇ ಎದುರು ಪಕ್ಷದಲ್ಲಿ ನಿಂತು ಹಳೆಯ ತಂಡವನ್ನು ೨೪-೧೭ರಿಂದ ಸೋಲಿಸಿದ. ಅದೇ ಋತುವಿನ ಕೊನೆಗೆ, ೧೯೯೫ರ ಜನವರಿಯಲ್ಲಿ, ಯಂಗ್ ಆರು ಗೆಲುವಿನೆಸೆತಗಳನ್ನು ಎಸೆದು ಪಟ್ಟವನ್ನು ಗೆದ್ದ. ಅದುವರೆಗಿನ ದಾಖಲೆ ಐದು. ಅದು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಈ ಕಥೆಯಲ್ಲಿ ಯಾರ ತಪ್ಪೂ ನನಗೆ ಕಾಣದು. ತಂಡವೆಂಬುದು ಗೆಲ್ಲುವುದಕ್ಕಾಗಿ ಇರುವ ವಸ್ತು. ಆ ಸ್ಥಳಕ್ಕೆ ಯಾರು ಹೆಚ್ಚು ತಕ್ಕವನೋ ಅವನನ್ನು ನಿಲ್ಲಿಸಬೇಕು. ನಾಳೆ ಇನ್ನೊಬ್ಬನು ಹೆಚ್ಚು ತಕ್ಕವನಾದರೆ ಇವನನ್ನು ಇಳಿಸಬೇಕು. ಹಳೆಯ ಪ್ರೀತಿಗಾಗಿ ಕೈಲಾಗದವನನ್ನು ನಿಲ್ಲಿಸುವ ತರಬೇತುದಾರ ಉಳಿದ ಹತ್ತು ಮಂದಿಗೆ ದ್ರೋಹ ಮಾಡಿದಂತೆ. ಮೊರ ಅಲ್ಲಿ ಇರಲೇಬೇಕು. ನನ್ನ ಸಂಶಯವೆಲ್ಲ ಆ ಮೊರ ಮನೆಯೊಳಕ್ಕೆ ಬಂದಾಗ ಏನಾಗುತ್ತದೆ ಎಂಬುದರ ಬಗೆಗೆ.

ಒಬ್ಬರನ್ನು ಅವರ ಗುಣಕ್ಕಾಗಿ ಮೆಚ್ಚುತ್ತೇವೆ. ರೂಪ, ವಿದ್ಯೆ, ಮಾತಿನ ಸೊಗಸು, ಸಂಬಳ. ಈ ಗುಣಗಳೆಲ್ಲ ಲೋಕದಲ್ಲಿ ಒಬ್ಬರಲ್ಲೇ ಇರುವಂಥವಲ್ಲ. ಇನ್ನೊಬ್ಬರಲ್ಲಿ ಒಂದು ತೂಕ ಹೆಚ್ಚಾಗಿಯೇ ಇದ್ದೀತು. ಗುಣಕ್ಕಾಗಿಯೇ ನಿನ್ನನ್ನು ಹಿಡಿದೆನೆಂದರೆ, ಗುಣ ಹೆಚ್ಚಾಗಿರುವವರು ಎದುರಾದ ದಿನ ನಿನ್ನನ್ನು ಬಿಡುವುದೇ ನ್ಯಾಯವಾಗುತ್ತದೆ. ಏಕಪತ್ನೀವ್ರತವಾಗಲಿ, ಒಬ್ಬನನ್ನೇ ನೆಚ್ಚಿದ ಹೆಣ್ಣಿನ ನಿಷ್ಠೆಯಾಗಲಿ, ಈ ತರ್ಕಕ್ಕೆ ಕೊಡುವ ಉತ್ತರ ‘ನೀನೇ ಎಲ್ಲರಿಗಿಂತ ಮೇಲು’ ಎಂಬುದಲ್ಲ. ಅದು ಪ್ರಾಯಶಃ ಸುಳ್ಳು. ಹೇಳುವವರಿಗೂ ಕೇಳುವವರಿಗೂ ಅದು ಗೊತ್ತು. ‘ನಿನ್ನನ್ನು ಇನ್ನು ಯಾರೊಡನೆಯೂ ತೂಗುವುದಿಲ್ಲ’ ಎಂಬುದೇ ಅದರ ಉತ್ತರ. ವ್ರತವು ಸ್ಪರ್ಧೆಯಲ್ಲಿ ಗೆದ್ದವರಿಗೆ ಕೊಡುವ ಬಹುಮಾನವಲ್ಲ. ಸ್ಪರ್ಧೆಯನ್ನು ಮುಚ್ಚುವ ಬಾಗಿಲು.

ಉತ್ತರಕಾಂಡದಲ್ಲಿ ರಾಮನು ಸೀತೆಯನ್ನು ಕಾಡಿಗೆ ಕಳುಹಿಸಿದ ಮೇಲೆ ಅಶ್ವಮೇಧವನ್ನು ಮಾಡುತ್ತಾನೆ. ಯಾಗಕ್ಕೆ ಪತ್ನಿ ಬೇಕು. ಅವನು ಚಿನ್ನದ ಸೀತೆಯೊಂದನ್ನು ಮಾಡಿಸಿ ಪಕ್ಕದಲ್ಲಿಟ್ಟುಕೊಂಡ. ಸೀತೆಗೆ ಅವನು ಮಾಡಿದ್ದು ಅನ್ಯಾಯವೆಂದೇ ನನ್ನ ಮತ; ಈ ಚಿನ್ನದಿಂದ ಅದು ತೊಳೆದುಹೋಗುವುದಿಲ್ಲ. ಆದರೂ ಆ ಬೊಂಬೆಯಲ್ಲಿ ಒಂದು ಸತ್ಯವಿದೆ. ಅಲ್ಲಿ ಸ್ಥಳ ತೆರವಾಗಿರಲಿಲ್ಲ. ವ್ಯಕ್ತಿ ದೂರವಿದ್ದಳು, ಅಷ್ಟೆ. ಫಾರ್ಟಿನೈನರ್ಸ್ ತಂಡವು ಮೊಂಟಾನನ ಚಿನ್ನದ ಪ್ರತಿಮೆಯನ್ನು ಕಣದಲ್ಲಿ ನಿಲ್ಲಿಸಿ ಆಡಲಾದೀತೆ? ತಂಡಕ್ಕೆ ಬೇಕಾದದ್ದು ಸ್ಥಳ ತುಂಬುವವನು.

ಯಂಗನ ಕಥೆ ಇಲ್ಲಿ ಇನ್ನೊಂದು ಕಡೆಗೆ ತಿರುಗುತ್ತದೆ. ಅವನು ಮಾರ್ಮನ್ ಪಂಥದವನು. ೧೮೪೭ರಲ್ಲಿ ಆ ಪಂಥದವರನ್ನು ಯೂಟಾದ ಉಪ್ಪಿನ ಸರೋವರದ ಬಯಲಿಗೆ ನಡೆಸಿಕೊಂಡು ಹೋದ ಬ್ರಿಗಮ್ ಯಂಗ್ ಇವನ ಮುತ್ತಜ್ಜನ ಅಜ್ಜ. ಆ ಹಿರಿಯನಿಗೆ ೫೦ಕ್ಕೂ ಹೆಚ್ಚು ಹೆಂಡಿರು. ದಶರಥನ ಅಂತಃಪುರವನ್ನು ಓದಿ ಬೆಳೆದ ನಮಗೆ ಇದು ತೀರ ಅಪರಿಚಿತವಾದ ಸಂಗತಿಯೇನಲ್ಲ. ಬಹುಪತ್ನೀತ್ವದಲ್ಲಿ ಯಾರನ್ನೂ ಬೆಂಚಿನ ಮೇಲೆ ಕೂರಿಸಬೇಕಾಗಿಲ್ಲ, ಎಲ್ಲರಿಗೂ ಸ್ಥಳವುಂಟು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ಹೆಂಡಿರಲ್ಲಿ ಒಬ್ಬಳಾದ ಆನ್ ಎಲೈಜ ೧೮೭೩ರಲ್ಲಿ ಬ್ರಿಗಮ್ ಯಂಗನ ಮೇಲೆ ವಿಚ್ಛೇದನದ ದಾವೆ ಹೂಡಿದಳು. ಅನಂತರ ತನ್ನ ಕಥೆಯನ್ನು ಬರೆದು, ಆ ಪುಸ್ತಕಕ್ಕೆ ‘ಹತ್ತೊಂಬತ್ತನೆಯ ಹೆಂಡತಿ’ ಎಂಬರ್ಥದ ಹೆಸರಿಟ್ಟಳು. ಆಟಗಾರನ ಅಂಗಿಯ ಬೆನ್ನಿಗೆ ಸಂಖ್ಯೆಯಿದ್ದರೆ ಚೆಂದ. ಮೊಂಟಾನನದು ೧೬, ಯಂಗನದು ೮. ಹೆಂಡತಿಯ ಬೆನ್ನಿಗೆ ಸಂಖ್ಯೆ ಅಂಟಿದಾಗ ಅದನ್ನು ಓದಲು ಮನಸ್ಸು ಹಿಂಜರಿಯುತ್ತದೆ.

ಮಾರ್ಮನರು ೧೮೯೦ರಲ್ಲಿ ಬಹುಪತ್ನೀತ್ವವನ್ನು ಅಧಿಕೃತವಾಗಿ ಕೈಬಿಟ್ಟರು. ಈಗ ಅವರದು ಕಟ್ಟುನಿಟ್ಟಾದ ಏಕಪತ್ನೀತ್ವ. ಮದುವೆ ಈ ಜನ್ಮಕ್ಕಷ್ಟೇ ಅಲ್ಲ, ಅನಂತ ಕಾಲಕ್ಕೆ ಎಂದು ಅವರ ನಂಬಿಕೆ. ಮದುವೆಗೆ ಮೊದಲು ಬ್ರಹ್ಮಚರ್ಯ. ಅಂಥ ಸಮಾಜದಲ್ಲಿ, ಐವತ್ತು ಹೆಂಡಿರ ಗಂಡನ ವಂಶದಲ್ಲಿ ಹುಟ್ಟಿ, ಮೂವತ್ತಮೂರನೆಯ ವಯಸ್ಸಿನಲ್ಲಿ ರಾಷ್ಟ್ರದ ಪಟ್ಟವನ್ನು ಗೆದ್ದು ನಿಂತ ಯಂಗನಿಗೆ ಮದುವೆಯಾಗಿರಲಿಲ್ಲ. ಕಣದಲ್ಲಿ ಬೆಂಚು ಬಿಟ್ಟೆದ್ದವನು ಅವನ ಪಂಥದವರ ಕಣ್ಣಿನಲ್ಲಿ ಇನ್ನೂ ಬೆಂಚಿನ ಮೇಲೆಯೇ ಇದ್ದ.

ಈ ‘ಇನ್ನೂ’ ಎಂಬ ಅವ್ಯಯ ನನಗೆ ಚೆನ್ನಾಗಿ ಪರಿಚಿತವಾದದ್ದು. ನಲವತ್ತು ದಾಟಿದ ನನ್ನಂಥ ಹೆಣ್ಣನ್ನು ‘ನಿಮಗೆ ಮದುವೆಯಾಗಿಲ್ಲವೆ?’ ಎಂದು ಯಾರೂ ಕೇಳುವುದಿಲ್ಲ, ‘ಇನ್ನೂ ಆಗಿಲ್ಲವೆ?’ ಎನ್ನುತ್ತಾರೆ. ಕೇಳುವವರಲ್ಲಿ ಕೇಡಿನ ಬುದ್ಧಿಯಿಲ್ಲ. ಆದರೆ ಆ ಒಂದು ಮಾತಿನಿಂದ ನನ್ನ ಇಪ್ಪತ್ತು ವರ್ಷಗಳ ಪಾಠ, ಓದು, ಅಡಿಗೆ, ತಾಯಿಯ ಸೇವೆ, ಗೆಳತಿಯರ ಮಕ್ಕಳೊಡನೆ ಕಳೆದ ಬೇಸಗೆಗಳು ಎಲ್ಲವೂ ಯಾವುದೋ ಆಟ ಶುರುವಾಗುವುದಕ್ಕೆ ಮುಂಚಿನ ಕಾಯುವಿಕೆಯಾಗಿಬಿಡುತ್ತವೆ. ಭಾಷೆಯೂ ನಮಗೆ ಸಹಾಯ ಮಾಡುವುದಿಲ್ಲ. ‘ಅವಿವಾಹಿತೆ’ ಎಂದರೆ ಇಲ್ಲದ್ದರ ಹೆಸರು. ‘ಒಂಟಿ’ ಎಂದರೆ ಮರುಕದ ಹೆಸರು. ‘ಕುಮಾರಿ’ ಎಂದು ಅರುವತ್ತು ವರ್ಷದವಳ ಹೆಸರಿನ ಹಿಂದೆ ಬರೆದರೆ ಗುಮಾಸ್ತರಿಗೇ ನಗು ಬರುತ್ತದೆ. ಹೀಗೆ ಬಾಳುವವರು ನಮ್ಮಲ್ಲಿ ಯಾವ ಕಾಲದಲ್ಲಿಯೂ ಇದ್ದರು. ಅವರ ಬಾಳಿಗೆ ಅದರದೇ ಆದ ಒಂದು ಹೆಸರನ್ನು ಕನ್ನಡ ಮಾಡಿಕೊಳ್ಳಲಿಲ್ಲ.

ತಾವೇ ಬೇಡವೆಂದು ಬಿಟ್ಟವರು ಬೇರೆ, ಕೂಡಿಬರದೆ ಉಳಿದವರು ಬೇರೆಯಲ್ಲವೆ ಎಂದು ನೀವು ಕೇಳಬಹುದು. ಹೌದು, ಬೇರೆಯೇ. ನನ್ನನ್ನೂ ಒಂದು ಕಾಲದಲ್ಲಿ ನೋಡಲು ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರಿದ್ದರು, ಆಮೇಲೆ ತಂದೆಯವರ ಕಾಯಿಲೆ, ಆಮೇಲೆ ವರ್ಷಗಳು. ನಾನು ಭೀಷ್ಮನ ಹಾಗೆ ಕೈಯೆತ್ತಿ ಪ್ರತಿಜ್ಞೆ ಮಾಡಿದವಳಲ್ಲ. ಆದರೆ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ತಮ್ಮ ಗಂಡಂದಿರನ್ನು ತಾವೇ ಆಯ್ದುಕೊಂಡಿದ್ದರು? ತಂದುಕೊಟ್ಟವನೊಡನೆ ಬಾಳಿ, ಯಾವುದೋ ಒಂದು ದಿನ, ಯಾವ ದಿನವೆಂದು ತಮಗೂ ತಿಳಿಯದೆ, ಅವನನ್ನು ನಿಜವಾಗಿ ವರಿಸಿದರು. ಒಗ್ಗಿದ್ದು ಒಪ್ಪಿದ್ದಾಯಿತು. ಮದುವೆಯಲ್ಲಿ ಹೀಗಾಗುವುದನ್ನು ನಾವು ಗೌರವಿಸುತ್ತೇವೆ. ಒಬ್ಬರೇ ಬಾಳುವ ಬಾಳಿನಲ್ಲಿಯೂ ಹಾಗೆಯೇ ಆಗಬಹುದೆಂದು ಮಾತ್ರ ನಂಬಲೊಲ್ಲೆವು. ನನ್ನ ಮಟ್ಟಿಗೆ ಅದು ಆಯಿತು. ಬಾಡಿಗೆ ಮನೆಯೊಂದರಲ್ಲಿ, ಒಂದು ಮಳೆಗಾಲದಲ್ಲಿ, ಬಾಗಿಲು ತಟ್ಟುವುದನ್ನು ನಿರೀಕ್ಷಿಸುವುದು ಎಂದೋ ನಿಂತುಹೋಗಿದೆ ಎಂದು ಗಮನಕ್ಕೆ ಬಂತು, ಅದರಲ್ಲಿ ದುಃಖವಿರಲಿಲ್ಲ.

ಆದ್ದರಿಂದ ಏಕನಿಷ್ಠರಾದ ದಂಪತಿಗಳೂ ಕೊನೆಯವರೆಗೆ ಒಬ್ಬರೇ ಇರುವವರೂ ಪರಸ್ಪರ ವಿರುದ್ಧವಾದ ಎರಡು ಜಾತಿಯವರೆಂಬುದನ್ನು ನಾನು ಒಪ್ಪಲಾರೆ. ಇಬ್ಬರೂ ಮೊರವನ್ನು ಕೆಳಗಿಟ್ಟವರು. ಅವರು ‘ಈತ ಸಾಕು’ ಎಂದರು, ಇವರು ‘ಇಷ್ಟು ಸಾಕು’ ಎಂದರು. ಇಬ್ಬರಿಗೂ ವಿರುದ್ಧವಾದವನು ಮದುವೆಯಾಗಿಯೂ ಆಗದೆಯೂ ಕೊನೆಯ ತನಕ ಕೇರುತ್ತಲೇ ಇರುವವನು.

ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡನಲ್ಲಿ ಈ ಎರಡು ಬಾಳುಗಳೂ ಒಂದೇ ಆಗಿಬಿಟ್ಟವು. ೧೮೪೦ರಲ್ಲಿ ಅವನಿಗೂ ರೆಗೀನೆ ಓಲ್ಸೆನ್ ಎಂಬವಳಿಗೂ ನಿಶ್ಚಿತಾರ್ಥವಾಯಿತು. ಮರುವರ್ಷ ಅವನೇ ಅದನ್ನು ಮುರಿದ. ಅವಳು ೧೮೪೭ರಲ್ಲಿ ಬೇರೊಬ್ಬನನ್ನು ಮದುವೆಯಾದಳು. ಇವನು ಯಾರನ್ನೂ ಆಗಲಿಲ್ಲ. ತಮಾಷೆಯೆಂದರೆ, ೧೮೪೩ರ ತನ್ನ ಹೆಸರಾಂತ ಗ್ರಂಥದಲ್ಲಿ ಒಬ್ಬ ನ್ಯಾಯಾಧೀಶನ ಬಾಯಿಂದ ಮದುವೆಯ ಪರವಾಗಿ ಬಲವಾದ ವಾದವನ್ನು ಹೂಡಿದವನೂ ಇವನೇ. ೧೮೫೫ರಲ್ಲಿ ಸತ್ತಾಗ ತನ್ನ ಆಸ್ತಿಯನ್ನೆಲ್ಲ ರೆಗೀನೆಗೆ ಬರೆದಿಟ್ಟಿದ್ದ. ನಿಶ್ಚಿತಾರ್ಥವೂ ತನಗೆ ಮದುವೆಯಷ್ಟೇ ಬದ್ಧವಾದದ್ದು, ಆದ್ದರಿಂದ ಅವಳು ತನ್ನ ಹೆಂಡತಿಯಾಗಿದ್ದರೆ ಹೇಗೋ ಹಾಗೆ ಎಲ್ಲವೂ ಅವಳಿಗೆ ಸೇರತಕ್ಕದ್ದು ಎಂದು ಕಾರಣ ಕೊಟ್ಟಿದ್ದ. ಅವಳು ಆಗ ಗಂಡನೊಡನೆ ಸಮುದ್ರದಾಚೆ ವೆಸ್ಟ್ ಇಂಡೀಸಿನಲ್ಲಿದ್ದಳು, ಆಸ್ತಿಯನ್ನು ಒಲ್ಲೆನೆಂದಳು. ಆ ಹುಡುಗಿಗೆ ಅವನು ಕೊಟ್ಟ ನೋವು ಸಣ್ಣದಲ್ಲ. ಆದರೆ ಅವನು ಅವಿವಾಹಿತನೆ, ಏಕಪತ್ನೀವ್ರತಸ್ಥನೆ ಎಂದು ಕೇಳಿದರೆ ಒಂದೇ ಉತ್ತರ ಕೊಡುವುದು ನನ್ನಿಂದಾಗದು.

ವ್ರತದ ಮಾತನ್ನು ಇಷ್ಟು ಹೊಗಳಿದರೆ, ಹಿಂಸೆಯ ಮನೆಯಲ್ಲಿ ಸಿಕ್ಕಿಬಿದ್ದವರಿಗೆ ಅದು ಬೀಗವಾದೀತೆಂಬ ಭಯ ನನಗುಂಟು. ಬಾಳಲಾರದೆ ಹೊರಗೆ ಬರುವುದು ಬೇರೆ, ಇನ್ನೂ ಒಳ್ಳೆಯದು ಸಿಕ್ಕೀತೆಂದು ಹೊರಗೆ ಬರುವುದು ಬೇರೆ. ಹೊರಗಿನವರಿಗೆ ಇವೆರಡರ ಗೆರೆ ಕಾಣುವುದಿಲ್ಲ. ಮೊಂಟಾನ ಮೂರು ಸಲ ಮದುವೆಯಾದವನು. ಮೊದಲಿನ ಎರಡೂ ಮುರಿದವು. ೧೯೮೫ರ ಮೂರನೆಯದು, ಸ್ಪರ್ಧೆಯ ಆ ಎಲ್ಲ ವರ್ಷಗಳನ್ನೂ ದಾಟಿ ನಿಂತಿತು. ಇದರಲ್ಲಿ ಯಾವುದು ನಿಷ್ಠೆ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಕುರ್ಚಿಯಲ್ಲಿ ಕುಳಿತುಕೊಳ್ಳಲು ನನಗೆ ಇಷ್ಟವಿಲ್ಲ.

ಯಂಗನ ಉಳಿದ ಕಥೆ ಚಿಕ್ಕದು. ೧೯೯೯ರ ಸೆಪ್ಟೆಂಬರಿನಲ್ಲಿ ಅರಿಜೋನದ ತಂಡದೊಡನೆ ಆಡುವಾಗ ತಲೆಗೆ ಪೆಟ್ಟು ಬಿದ್ದು ಕಣದಲ್ಲಿ ಕೆಲಹೊತ್ತು ಅಲುಗಾಡದೆ ಮಲಗಿದ್ದ. ಆಮೇಲೆ ಅವನು ಆಡಲಿಲ್ಲ. ೨೦೦೦ದ ಮಾರ್ಚಿಯಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಅವನಿಗೆ ಮದುವೆಯಾಯಿತು. ಜೂನ್ ತಿಂಗಳಿನಲ್ಲಿ ಆಟದಿಂದ ನಿವೃತ್ತನಾದ. ಅಷ್ಟು ಹೊತ್ತಿಗೆ ಜೆಫ್ ಗಾರ್ಸಿಯ ಎಂಬ ಹೊಸಬನು ಆ ಸ್ಥಳದಲ್ಲಿ ನಿಂತು ಚೆಂಡೆಸೆಯಲು ತೊಡಗಿ ತಿಂಗಳುಗಳೇ ಕಳೆದಿದ್ದವು. ಯಂಗನಷ್ಟು ಇವನು ಆದಾನೆಯೆ ಎಂದು ಜನ ಆಗಲೇ ಮಾತಾಡಿಕೊಳ್ಳುತ್ತಿದ್ದರು.